ಲೈಟ್ ಆರಿದೆ ಅಂದ್ರೆ ಏರ್‌ಬ್ಯಾಗ್ ಇದೆ ಅಂತಲ್ಲ!

ಇವತ್ತು ಒಂದು ಪ್ರಶ್ನೆಯಿಂದಲೇ ಶುರು ಮಾಡೋಣ. ನಿಮ್ಮ ಕಾರಿನಲ್ಲಿ ಏರ್‌ಬ್ಯಾಗ್ ಇದೆಯಾ? "ಇದೆ ಸಾರ್, ಸ್ಟೇರಿಂಗ್ ಮೇಲೇ ಬರೆದಿದೆಯಲ್ಲ" ಅಂತೀರಿ. ಸರಿ, ಬರೆದಿರೋದು ಮುಚ್ಚಳದ ಮೇಲೆ. ಮುಚ್ಚಳದ ಒಳಗೆ ಏನಿದೆ ಅಂತ ನೋಡಿದವರು ಯಾರಾದರೂ ಇದ್ದೀರಾ? ಹೊಸ ಕಾರು ತಗೊಂಡವರಿಗೆ ಈ ಪ್ರಶ್ನೆ ಬೇಕಿಲ್ಲ. ಆದರೆ ನಿಮ್ಮ ಕಾರು ಒಮ್ಮೆ ಜೋರಾಗಿ ಡಿಕ್ಕಿಯಾಗಿ, ಏರ್‌ಬ್ಯಾಗ್ ಬಿಚ್ಚಿಕೊಂಡು, ರಿಪೇರಿಯಾಗಿ ಮನೆಗೆ ಬಂದಿದ್ದರೆ? ಅಥವಾ ನೀವು ತಗೊಂಡಿರೋ ಸೆಕೆಂಡ್ ಹ್ಯಾಂಡ್ ಕಾರಿಗೆ ನಿಮಗೆ ಗೊತ್ತಿಲ್ಲದ ಹಾಗೆ ಇಂಥದ್ದೊಂದು ಚರಿತ್ರೆ ಇದ್ದರೆ? ಆಗ ಈ ಪ್ರಶ್ನೆ ಕೇಳಲೇಬೇಕು.

ಯಾಕೆ ಅಂದ್ರೆ, ಏರ್‌ಬ್ಯಾಗ್ ಅನ್ನೋದು ಕಾರಿನ ಬೇರೆ ಪಾರ್ಟ್‌ಗಳ ಹಾಗಲ್ಲ. ಬ್ರೇಕ್ ಸರಿ ಇಲ್ಲದಿದ್ದರೆ ಮೊದಲನೇ ತಿರುವಿನಲ್ಲೇ ಗೊತ್ತಾಗುತ್ತೆ. ಹೆಡ್‌ಲೈಟ್ ಹೋದರೆ ಅವತ್ತು ರಾತ್ರಿಯೇ ಗೊತ್ತಾಗುತ್ತೆ. ಏರ್‌ಬ್ಯಾಗ್ ಇಲ್ಲ ಅನ್ನೋದು ಗೊತ್ತಾಗೋದು ಅದು ಬೇಕಾದ ಆ ಒಂದು ಕ್ಷಣದಲ್ಲಿ ಮಾತ್ರ. ಅಲ್ಲಿವರೆಗೂ ಎಲ್ಲ ಸರಿಯಾಗೇ ಇರುತ್ತೆ.

ಕಣ್ಣು ಮಿಟುಕಿಸೋದರೊಳಗೆ ಏನಾಗುತ್ತೆ?

ನಾನು ಓದಿದ್ದು ಇಂಜಿನಿಯರಿಂಗ್. ಹಾಗಾಗಿ ಸ್ವಲ್ಪ ಲೆಕ್ಕ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಗಂಟೆಗೆ 50 ಕಿಲೋಮೀಟರ್ ವೇಗ ಅಂದ್ರೆ ಸೆಕೆಂಡಿಗೆ ಸುಮಾರು 14 ಮೀಟರ್. ಆ ವೇಗದಲ್ಲಿ ಕಾರು ಗೋಡೆಗೆ ಗುದ್ದಿದರೆ, ಇಡೀ ಡಿಕ್ಕಿ ಮುಗಿಯೋಕೆ ಬೇಕಾಗೋದು ಒಂದು ಸೆಕೆಂಡಿನ ಹತ್ತನೇ ಒಂದು ಭಾಗ. ಅಂದ್ರೆ ಸುಮಾರು 100 ಮಿಲಿಸೆಕೆಂಡ್. ನೀವು ಒಂದು ಸಲ ಕಣ್ಣು ಮಿಟುಕಿಸೋಕೂ ಅಷ್ಟು ಹೊತ್ತು ಬೇಕು.

ಇಷ್ಟರೊಳಗೆ ಕಾರಿನ ಮುಂಭಾಗದ ಸೆನ್ಸರ್‌ಗಳು ಮತ್ತು ಗೇರ್ ಲಿವರ್ ಹತ್ತಿರ, ಕನ್ಸೋಲ್ ಕೆಳಗೆ ಕೂತಿರೋ ಒಂದು ಕಂಟ್ರೋಲ್ ಯೂನಿಟ್ ಸೇರಿ ತೀರ್ಮಾನ ಮಾಡ್ತಾವೆ: ಇದು ಹಂಪ್ ಹಾರಿದ್ದಲ್ಲ, ಗುಂಡಿಗೆ ಬಿದ್ದಿದ್ದಲ್ಲ, ಇದು ನಿಜವಾದ ಡಿಕ್ಕಿ. ತೀರ್ಮಾನ ಆದ ತಕ್ಷಣ ಇನ್‌ಫ್ಲೇಟರ್ ಅನ್ನೋ ಸಣ್ಣ ಲೋಹದ ಡಬ್ಬಿಗೆ ಕರೆಂಟ್ ಹೋಗುತ್ತೆ. ಅದರೊಳಗಿನ ರಾಸಾಯನಿಕ ಹೊತ್ತಿಕೊಂಡು ಗ್ಯಾಸ್ ಆಗುತ್ತೆ. ಮಡಿಚಿಟ್ಟ ನೈಲಾನ್ ಚೀಲ ಗಂಟೆಗೆ 300 ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ ಹೊರಗೆ ನುಗ್ಗುತ್ತೆ. ಸುಮಾರು 30 ಮಿಲಿಸೆಕೆಂಡಿನಲ್ಲಿ ತುಂಬಿಕೊಳ್ಳುತ್ತೆ. ನಿಮ್ಮ ಮುಖ ಬಂದು ತಾಗೋ ಹೊತ್ತಿಗೆ ಚೀಲದ ಹಿಂದಿನ ತೂತುಗಳಿಂದ ಗ್ಯಾಸ್ ಹೊರಗೆ ಹೋಗ್ತಾ ಇರುತ್ತೆ. ಅದಕ್ಕೇ ಅದು ಗೋಡೆಯ ಹಾಗೆ ಗಟ್ಟಿಯಾಗಿರಲ್ಲ, ದಿಂಬಿನ ಹಾಗೆ ಹಿಂದೆ ಸರಿಯುತ್ತೆ.

ಇಲ್ಲಿ ಒಂದು ವಿಷಯ ಗಮನಿಸಿ. ಇದು ಗಾಳಿ ತುಂಬೋ ಕೆಲಸ ಅಲ್ಲ, ಇದು ಸ್ಫೋಟ. ಲೆಕ್ಕ ಹಾಕಿ ಮಾಡಿಸಿದ ಸ್ಫೋಟ. ಪಟಾಕಿಯನ್ನ ಎರಡು ಸಲ ಹಚ್ಚೋಕಾಗುತ್ತಾ? ಇಲ್ಲ. ಏರ್‌ಬ್ಯಾಗ್ ಕೂಡ ಅಷ್ಟೇ. ಒಮ್ಮೆ ಬಿಚ್ಚಿಕೊಂಡರೆ ಅದನ್ನ ಮತ್ತೆ ಮಡಿಚಿ, ಹೊಲಿದು, ಒಳಗಿಟ್ಟು "ರೆಡಿ ಸಾರ್" ಅನ್ನೋದು ಸಾಧ್ಯವೇ ಇಲ್ಲ. ಯಾರಾದರೂ ಹಾಗಂದರೆ ಆ ಗ್ಯಾರೇಜಿನಿಂದ ಕಾರು ವಾಪಸ್ ತಗೊಂಡು ಬನ್ನಿ.

ಇನ್ನೊಂದು ಮಾತು. ಕಂಪನಿಗಳು ಇಡೀ ವ್ಯವಸ್ಥೆಗೆ ಎಸ್‌ಆರ್‌ಎಸ್ ಅಂತ ಹೆಸರಿಟ್ಟಿವೆ. ಅದರಲ್ಲಿ ಮೊದಲನೇ ಅಕ್ಷರದ ಅರ್ಥ 'ಪೂರಕ'. ಯಾವುದಕ್ಕೆ ಪೂರಕ? ಸೀಟ್ ಬೆಲ್ಟ್‌ಗೆ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಹತ್ತಿರ ಟಾಟಾ ಸನ್ಸ್ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ತೀರಿಕೊಂಡ ಅಪಘಾತ ನೆನಪಿದೆಯಲ್ಲ? ಐಷಾರಾಮಿ ಕಾರು, ಅದರಲ್ಲಿ ಏರ್‌ಬ್ಯಾಗ್‌ಗಳೂ ಇದ್ದವು. ಮುಂದೆ ಕೂತಿದ್ದ ಇಬ್ಬರೂ ಬದುಕಿದರು. ಹಿಂದೆ ಕೂತಿದ್ದ ಇಬ್ಬರೂ ಸತ್ತರು. ಹಿಂದಿನವರು ಬೆಲ್ಟ್ ಹಾಕಿರಲಿಲ್ಲ ಅಂತ ಪೊಲೀಸರು ಹೇಳಿದರು. ಬೆಲ್ಟ್ ಮತ್ತು ಬ್ಯಾಗ್ ಜೋಡೆತ್ತುಗಳಿದ್ದ ಹಾಗೆ. ರಿಪೇರಿ ಮಾಡಿಸುವಾಗಲೂ ಒಂದನ್ನ ಬಿಟ್ಟು ಇನ್ನೊಂದನ್ನ ನೋಡೋ ಹಾಗಿಲ್ಲ. ಯಾಕೆ ಅಂತ ಮುಂದೆ ಹೇಳ್ತೀನಿ.

ಬದಲಾಗಬೇಕಾದ್ದು ಏನೇನು?

ಸಾಮಾನ್ಯವಾಗಿ ಜನ ಅಂದುಕೊಳ್ಳೋದು, ಬಿಚ್ಚಿಕೊಂಡ ಎರಡು ಚೀಲ ಬದಲಿಸಿದರೆ ಮುಗೀತು ಅಂತ. ಇಲ್ಲ. ಒಂದು ಮುಂಭಾಗದ ಡಿಕ್ಕಿಯ ಲೆಕ್ಕ ನೋಡೋಣ.

ಮೊದಲನೇದು, ಡ್ರೈವರ್ ಮುಂದಿನ ಏರ್‌ಬ್ಯಾಗ್. ಇದು ಬರೀ ಚೀಲ ಅಲ್ಲ. ಚೀಲ, ಇನ್‌ಫ್ಲೇಟರ್, ಸ್ಟೇರಿಂಗ್ ಮೇಲಿನ ಮುಚ್ಚಳ ಎಲ್ಲ ಸೇರಿ ಒಂದು ಸೆಟ್. ಅದರ ಹಿಂದೆ ಕ್ಲಾಕ್ ಸ್ಪ್ರಿಂಗ್ ಅಂತ ಒಂದು ಸುರುಳಿ ವೈರ್ ಇರುತ್ತೆ. ಸ್ಟೇರಿಂಗ್ ಎಷ್ಟು ತಿರುಗಿಸಿದರೂ ಏರ್‌ಬ್ಯಾಗ್‌ಗೆ ಕನೆಕ್ಷನ್ ತಪ್ಪದ ಹಾಗೆ ನೋಡಿಕೊಳ್ಳೋದು ಅದೇ. ಸ್ಫೋಟದ ಬಿಸಿಗೆ ಅದು ಹಾಳಾಗಿರಬಹುದು. ಅದನ್ನ ಪರೀಕ್ಷೆ ಮಾಡಲೇಬೇಕು, ಕೆಲವು ಕಂಪನಿಗಳು ಬದಲಿಸಲೇಬೇಕು ಅಂತ ಹೇಳ್ತವೆ.

ಎರಡನೇದು, ಪಕ್ಕದ ಸೀಟಿನವರ ಏರ್‌ಬ್ಯಾಗ್. ಇದು ಕೂತಿರೋದು ಡ್ಯಾಶ್‌ಬೋರ್ಡ್ ಒಳಗೆ. ಹೊರಗೆ ಬರುವಾಗ ಡ್ಯಾಶ್‌ಬೋರ್ಡ್ ಹರಿದುಕೊಂಡೇ ಬರುತ್ತೆ. ಹಾಗಾಗಿ ಎಷ್ಟೋ ಕಾರುಗಳಲ್ಲಿ ಇಡೀ ಡ್ಯಾಶ್‌ಬೋರ್ಡ್ ಬದಲಿಸಬೇಕು. ಈ ಚೀಲ ಮೇಲಕ್ಕೆ ಎದ್ದು ಮುಂದಿನ ಗಾಜಿಗೆ ಒರಗಿಕೊಂಡು ನಿಲ್ಲೋದ್ರಿಂದ ಗಾಜು ಒಡೆಯೋದೂ ಸಾಮಾನ್ಯ.

ಮೂರನೇದು, ಸೀಟ್ ಬೆಲ್ಟ್. ಡಿಕ್ಕಿಯಾದ ಕೂಡಲೇ ಬೆಲ್ಟ್ ನಿಮ್ಮನ್ನ ಸೀಟಿಗೆ ಎಳೆದು ಕಟ್ಟುತ್ತೆ. ಈ ಕೆಲಸ ಮಾಡೋದು ಪ್ರಿಟೆನ್ಷನರ್. ಅದರಲ್ಲೂ ಒಂದು ಸಣ್ಣ ಸಿಡಿಮದ್ದು ಇರುತ್ತೆ. ಅದೂ ಒಮ್ಮೆ ಮಾತ್ರ. ನೋಡೋಕೆ ಬೆಲ್ಟ್ ಚೆನ್ನಾಗೇ ಇರುತ್ತೆ, ಆದರೆ ಒಳಗೆ ಅದು ಉರಿದು ಹೋಗಿರುತ್ತೆ. ಬಹಳಷ್ಟು ಕಡೆ ಬಿಟ್ಟುಹೋಗೋ ಪಾರ್ಟ್ ಇದೇ. ಬ್ಯಾಗ್ ಹೊಸದು, ಬೆಲ್ಟ್ ಸತ್ತಿದೆ ಅಂದ್ರೆ, ಮುಂದಿನ ಡಿಕ್ಕಿಯಲ್ಲಿ ನೀವು ಬ್ಯಾಗ್ ತುಂಬೋಕೆ ಮೊದಲೇ ಮುಂದಕ್ಕೆ ಹೋಗಿರ್ತೀರಿ. ಆಗ 300 ಕಿಲೋಮೀಟರ್ ವೇಗದಲ್ಲಿ ಬರೋ ಚೀಲವೇ ನಿಮಗೆ ಹೊಡೆತ.

ನಾಲ್ಕನೇದು, ಕಂಟ್ರೋಲ್ ಯೂನಿಟ್. ಡಿಕ್ಕಿಯ ಪೂರ್ತಿ ದಾಖಲೆ ಅದರ ಮೆಮರಿಯಲ್ಲಿ ಕೂತಿರುತ್ತೆ. ಹೆಚ್ಚಿನ ಕಂಪನಿಗಳ ರಿಪೇರಿ ಮ್ಯಾನುಯಲ್ ಹೇಳೋದು, ಏರ್‌ಬ್ಯಾಗ್ ಬಿಚ್ಚಿಕೊಂಡ ಮೇಲೆ ಇದನ್ನ ಬದಲಿಸಿ ಅಂತ. ಹೊರಗಡೆ "ಮೆಮರಿ ಅಳಿಸಿ ಕೊಡ್ತೀವಿ, ಹೊಸದು ಯಾಕೆ" ಅನ್ನೋರು ಇದ್ದಾರೆ. ದಾಖಲೆ ಅಳಿಸಬಹುದು. ಆದರೆ ಡಿಕ್ಕಿಯ ಪೆಟ್ಟು ತಿಂದ, ಒಮ್ಮೆ ಫೈರ್ ಆದ ಆ ಸರ್ಕ್ಯೂಟ್ ಮುಂದಿನ ಸಲ ಮಿಲಿಸೆಕೆಂಡ್ ಲೆಕ್ಕದಲ್ಲಿ ಕೆಲಸ ಮಾಡುತ್ತೆ ಅಂತ ಬರೆದುಕೊಡೋರು ಯಾರು? ಕೊನೆಯ ಮಾತು ನಿಮ್ಮ ಕಾರಿನ ಮಾಡೆಲ್‌ನ ಮ್ಯಾನುಯಲ್‌ದು. ಗ್ಯಾರೇಜಿನವರದ್ದಲ್ಲ, ಡೀಲರ್‌ದಲ್ಲ, ನನ್ನದೂ ಅಲ್ಲ.

ಐದನೇದು, ಮುಂಭಾಗದ ಸೆನ್ಸರ್‌ಗಳು, ಅವುಗಳ ವೈರಿಂಗ್, ಹಳದಿ ಬಣ್ಣದ ಕನೆಕ್ಟರ್‌ಗಳು. ಪಕ್ಕದಿಂದ ಗುದ್ದಿದ್ದರೆ ಸೀಟಿನೊಳಗಿನ ಏರ್‌ಬ್ಯಾಗ್, ಸೀಟಿನ ಕವರ್, ಮೇಲಿನ ಕರ್ಟನ್ ಏರ್‌ಬ್ಯಾಗ್, ಛಾವಣಿಯ ಒಳಬಟ್ಟೆ, ಪಿಲ್ಲರ್ ಮೇಲಿನ ಪ್ಲಾಸ್ಟಿಕ್ ಎಲ್ಲವೂ ಪಟ್ಟಿಗೆ ಸೇರುತ್ತೆ.

ಈಗ ಗೊತ್ತಾಯ್ತಲ್ಲ, ಬಿಲ್ ಯಾಕೆ ಲಕ್ಷದ ಮೇಲೆ ಹೋಗುತ್ತೆ ಅಂತ? ಬಂಪರ್, ಬಾನೆಟ್, ರೇಡಿಯೇಟರ್ ಲೆಕ್ಕ ಇನ್ನೂ ಶುರುವೇ ಆಗಿಲ್ಲ.

ಸರಿಯಾದ ರಿಪೇರಿ ಹೇಗಿರಬೇಕು?

ಡಿಕ್ಕಿಯಾದ ಜಾಗದಲ್ಲೇ ಶುರು ಮಾಡೋಣ. ಜನ ಸುರಕ್ಷಿತವಾಗಿ ಹೊರಗೆ ಬಂದ ಮೇಲೆ ಇಗ್ನಿಷನ್ ಆಫ್ ಮಾಡಿ. ಕಾರಿನೊಳಗೆ ಹೊಗೆಯಂಥ ಬಿಳಿ ಪುಡಿ ಕಾಣುತ್ತೆ. ಬೆಂಕಿ ಅಂತ ಹೆದರಬೇಡಿ, ಬಹಳ ಸಲ ಅದು ಬ್ಯಾಗ್ ಒಳಗಿನ ಪೌಡರ್ ಮತ್ತು ಉರಿದ ರಾಸಾಯನಿಕದ ಧೂಳು. ಆದರೆ ಕಣ್ಣು ಉಜ್ಜಬೇಡಿ, ಕೈ ತೊಳೆದುಕೊಳ್ಳಿ. ಅಸ್ತಮಾ ಇರೋರು ದೂರ ಇರಿ. "ಸ್ಟಾರ್ಟ್ ಆಗುತ್ತಾ ನೋಡೋಣ" ಅಂತ ಚಾವಿ ತಿರುಗಿಸಬೇಡಿ. ರೇಡಿಯೇಟರ್ ಒಡೆದಿರಬಹುದು, ಇಂಧನ ಸೋರುತ್ತಿರಬಹುದು. ಫೋಟೋ ತೆಗೆಯಿರಿ, ಇನ್ಷೂರೆನ್ಸ್ ಕಂಪನಿಗೆ ಫೋನ್ ಮಾಡಿ, ಟೋಯಿಂಗ್ ಮಾಡಿಸಿ. ಯಾರಿಗಾದರೂ ಪೆಟ್ಟಾಗಿದ್ದರೆ ಪೊಲೀಸರಿಗೆ ತಿಳಿಸೋದು ಕಡ್ಡಾಯ.

ವರ್ಕ್‌ಶಾಪ್‌ನಲ್ಲಿ ಮೊದಲ ಕೆಲಸ ಸ್ಕ್ಯಾನಿಂಗ್. ಯಾವ ಬ್ಯಾಗ್ ಫೈರ್ ಆಗಿದೆ, ಯಾವ ಬೆಲ್ಟ್ ಫೈರ್ ಆಗಿದೆ ಅನ್ನೋದನ್ನ ಸ್ಕ್ಯಾನರ್ ಹೇಳುತ್ತೆ. ಕಣ್ಣಲ್ಲಿ ನೋಡಿ ಅಂದಾಜು ಮಾಡೋ ಕೆಲಸ ಅಲ್ಲ ಇದು. ಆ ಸ್ಕ್ಯಾನ್ ರಿಪೋರ್ಟ್‌ನ ಒಂದು ಪ್ರತಿ ಕೇಳಿ ಇಟ್ಟುಕೊಳ್ಳಿ.

ಎರಡನೇ ಕೆಲಸ ಬಾಡಿ. ಇದನ್ನ ಬಹಳ ಜನ ಬರೀ ಟಿಂಕರಿಂಗ್, ಪೇಂಟಿಂಗ್ ಅಂದುಕೊಳ್ತಾರೆ. ಕಾರಿನ ಮುಂಭಾಗ ಇರೋದೇ ಮಡಿಚಿಕೊಳ್ಳೋಕೆ. ಡಿಕ್ಕಿಯ ಶಕ್ತಿಯನ್ನ ಅದು ನುಂಗಿದಷ್ಟೂ ಒಳಗಿನವರು ಉಳೀತಾರೆ. ಆ ಲೋಹದ ದೂಲಗಳು ಎಲ್ಲಿ, ಎಷ್ಟು, ಯಾವ ವೇಗದಲ್ಲಿ ಮಡಿಚಬೇಕು ಅಂತ ಕಂಪನಿ ಲೆಕ್ಕ ಹಾಕಿರುತ್ತೆ. ಏರ್‌ಬ್ಯಾಗ್ ಯಾವಾಗ ಬಿಚ್ಚಬೇಕು ಅನ್ನೋ ಲೆಕ್ಕವೂ ಅದರ ಮೇಲೇ ನಿಂತಿದೆ. ಬಾಗಿದ ದೂಲವನ್ನ ಬಿಸಿ ಮಾಡಿ ಎಳೆದು ನೇರ ಮಾಡಿದರೆ ಉಕ್ಕಿನ ಗುಣವೇ ಬದಲಾಗುತ್ತೆ. ಮೇಲೆ ಪೇಂಟ್ ಹೊಡೆದರೆ ಮದುವೆ ಮನೆಗೆ ಹೋಗೋ ಹಾಗೆ ಫಳಫಳ ಹೊಳೆಯುತ್ತೆ. ಆದರೆ ಸೆನ್ಸರ್‌ಗೆ ಹೋಗೋ ಸಂದೇಶ ಮೊದಲಿನ ಹಾಗಿರಲ್ಲ. ಬ್ಯಾಗ್ ತಡವಾಗಿ ಬಿಚ್ಚಬಹುದು. ಬಿಚ್ಚದೇ ಇರಬಹುದು. ಅದಕ್ಕೇ ಚಾಸಿಸ್ ಅಳತೆ ತೆಗೆದು ಕಂಪನಿಯ ಅಳತೆಗೆ ಹೋಲಿಸಿ ನೋಡಬೇಕು.

ಮೂರನೇ ಕೆಲಸ ಜೋಡಣೆ. ಬ್ಯಾಟರಿ ಕನೆಕ್ಷನ್ ತೆಗೆದು, ಮ್ಯಾನುಯಲ್‌ನಲ್ಲಿ ಹೇಳಿದಷ್ಟು ನಿಮಿಷ ಕಾಯಬೇಕು. ಯಾಕೆ? ಡಿಕ್ಕಿಯಲ್ಲಿ ಬ್ಯಾಟರಿ ವೈರ್ ಕಿತ್ತು ಹೋದರೂ ಏರ್‌ಬ್ಯಾಗ್ ಕೆಲಸ ಮಾಡಲಿ ಅಂತ ಕಂಟ್ರೋಲ್ ಯೂನಿಟ್ ಒಳಗೆ ಕೆಪಾಸಿಟರ್‌ನಲ್ಲಿ ಕರೆಂಟ್ ಕೂಡಿಟ್ಟಿರುತ್ತೆ. ಅದು ಖಾಲಿಯಾಗೋ ಮೊದಲು ಕೈ ಹಾಕಿದರೆ ಮೆಕ್ಯಾನಿಕ್ ಮುಖಕ್ಕೇ ಬ್ಯಾಗ್ ಸಿಡಿಯಬಹುದು. ಇನ್‌ಫ್ಲೇಟರ್‌ಗೆ ಮಾಮೂಲಿ ಮಲ್ಟಿಮೀಟರ್ ಹಿಡಿದು ನೋಡೋದೂ ಅಪಾಯವೇ. ಮೀಟರ್‌ನ ಸಣ್ಣ ಕರೆಂಟ್ ಕೂಡ ಅದನ್ನ ಹೊತ್ತಿಸೋ ಸಾಧ್ಯತೆ ಇದೆ. ಹಾಗಾಗಿ ಇದು ಮನೆ ಮುಂದೆ ಯೂಟ್ಯೂಬ್ ನೋಡಿಕೊಂಡು ಮಾಡೋ ಕೆಲಸ ಖಂಡಿತ ಅಲ್ಲ.

ಮುಂದಿನ ಗಾಜಿನ ವಿಷಯ ಹೇಳಿದ್ದೆ. ಗಾಜು ಅಂಟಿಸೋ ಅಂಟು ಪೂರ್ತಿ ಗಟ್ಟಿಯಾಗೋಕೆ ಸಮಯ ಬೇಕು. ಪಕ್ಕದ ಸೀಟಿನ ಏರ್‌ಬ್ಯಾಗ್ ಆ ಗಾಜಿಗೆ ಒರಗಿ ನಿಲ್ಲಬೇಕಲ್ಲ? ಅಂಟು ಸರಿಯಿಲ್ಲದಿದ್ದರೆ ಬ್ಯಾಗ್ ಗಾಜನ್ನೇ ಹೊರಗೆ ತಳ್ಳಿಬಿಡುತ್ತೆ. ಆಮೇಲೆ ಅಲ್ಲಿ ಕೂತವರಿಗೆ ಆಸರೆ ಎಲ್ಲಿ? ಗಾಜಿನ ಹಿಂದೆ ಕ್ಯಾಮೆರಾ ಇರೋ ಹೊಸ ಕಾರುಗಳಲ್ಲಿ ಆ ಕ್ಯಾಮೆರಾವನ್ನೂ ಮತ್ತೆ ಕ್ಯಾಲಿಬ್ರೇಟ್ ಮಾಡಿಸಬೇಕು.

ಕೊನೆಗೆ ಹೊಸ ಕಂಟ್ರೋಲ್ ಯೂನಿಟ್‌ಗೆ ನಿಮ್ಮ ಕಾರಿನ ಮಾಹಿತಿ ತುಂಬಿ, ಮತ್ತೊಮ್ಮೆ ಸ್ಕ್ಯಾನ್ ಮಾಡಿ, ಒಂದೂ ದೋಷ ಇಲ್ಲ ಅಂತ ರಿಪೋರ್ಟ್ ಕೊಡಬೇಕು. ಮೊದಲಿನ ರಿಪೋರ್ಟ್, ಕೊನೆಯ ರಿಪೋರ್ಟ್, ಪಾರ್ಟ್ ನಂಬರ್ ಇರೋ ಬಿಲ್. ಈ ಮೂರು ಕಾಗದ ನಿಮ್ಮ ಕೈಗೆ ಬಂದರೆ ಮಾತ್ರ ರಿಪೇರಿ ಮುಗಿದ ಹಾಗೆ.

ಇನ್ಷೂರೆನ್ಸ್ ಇದೆ, ಚಿಂತೆ ಇಲ್ಲ ಅಂತೀರಾ?

ನಿಲ್ಲಿ. ಫುಲ್ ಇನ್ಷೂರೆನ್ಸ್ ಅಂತ ನಾವು ಕರೆಯೋ ಕಾಂಪ್ರಹೆನ್ಸಿವ್ ಪಾಲಿಸಿಯಲ್ಲೂ ಸವಕಳಿ ಅಂತ ಒಂದು ಲೆಕ್ಕ ಇದೆ. ನಮ್ಮ ದೇಶದ ಮೋಟಾರ್ ಟಾರಿಫ್ ಪ್ರಕಾರ ಲೋಹದ ಭಾಗಗಳಿಗೆ ಕಾರಿನ ವಯಸ್ಸಿನ ಮೇಲೆ ಸವಕಳಿ. ಆರು ತಿಂಗಳೊಳಗಿನ ಕಾರಿಗೆ ಏನೂ ಇಲ್ಲ, ಮೂರರಿಂದ ನಾಲ್ಕು ವರ್ಷದ ಕಾರಿಗೆ 25 ಪರ್ಸೆಂಟ್, ಹತ್ತು ವರ್ಷ ದಾಟಿದ್ದಕ್ಕೆ 50 ಪರ್ಸೆಂಟ್. ಗಾಜಿಗೆ ಸವಕಳಿ ಇಲ್ಲ. ಆದರೆ ರಬ್ಬರ್, ನೈಲಾನ್, ಪ್ಲಾಸ್ಟಿಕ್, ಟೈರು, ಬ್ಯಾಟರಿ ಇವುಗಳ ಜೊತೆ ಒಂದೇ ಸಾಲಿನಲ್ಲಿ ಏರ್‌ಬ್ಯಾಗ್ ಕೂಡ ಕೂತಿದೆ. ಸವಕಳಿ 50 ಪರ್ಸೆಂಟ್. ಕಾರು ಎಷ್ಟು ಹೊಸದಾದರೂ ಅಷ್ಟೇ!

ಉದಾಹರಣೆಗೆ, ಮೂರೂವರೆ ವರ್ಷದ ಒಂದು ಕಾರು ಅಂತಿಟ್ಟುಕೊಳ್ಳಿ. ಏರ್‌ಬ್ಯಾಗ್ ಮತ್ತು ಪ್ಲಾಸ್ಟಿಕ್ ಭಾಗಗಳ ಬಿಲ್ 1,20,000 ರೂಪಾಯಿ. ಲೋಹದ ಭಾಗಗಳ ಬಿಲ್ 80,000 ರೂಪಾಯಿ. ಮೊದಲನೆಯದರಲ್ಲಿ ನಿಮ್ಮ ಪಾಲು 60,000. ಎರಡನೆಯದರಲ್ಲಿ 20,000. ಒಟ್ಟು 80,000 ರೂಪಾಯಿ ನಿಮ್ಮ ಜೇಬಿನಿಂದ. ಅದರ ಮೇಲೆ ಕಡ್ಡಾಯ ಕಡಿತ, 1500 ಸಿಸಿವರೆಗಿನ ಕಾರಿಗೆ 1,000, ಅದಕ್ಕಿಂತ ದೊಡ್ಡದಕ್ಕೆ 2,000. ಪೇಂಟ್ ಲೆಕ್ಕ ಬೇರೆ. ಝೀರೋ ಡೆಪ್ರಿಸಿಯೇಷನ್ ಅನ್ನೋ ಹೆಚ್ಚುವರಿ ಕವರ್ ತಗೊಂಡಿದ್ದರೆ ಈ ಸವಕಳಿ ನಿಮ್ಮ ಮೇಲೆ ಬೀಳಲ್ಲ. ವರ್ಷಕ್ಕೆ ಸ್ವಲ್ಪ ಸಾವಿರ ಉಳಿಸೋಕೆ ಹೋಗಿ ಇದನ್ನ ಬಿಟ್ಟವರು, ಡಿಕ್ಕಿಯಾದ ದಿನ ಎಂಬತ್ತು ಸಾವಿರದ ಬಿಲ್ ನೋಡ್ತಾರೆ. ತಪ್ಪು ಮಾಡೋ ಆಸೆ ಹುಟ್ಟೋದು ಅಲ್ಲೇ. "ಸಾರ್, ಬ್ಯಾಗ್ ಬಿಟ್ಟುಬಿಡೋಣ, ಲೈಟ್ ಆಫ್ ಮಾಡಿ ಕೊಡ್ತೀನಿ" ಅಂತ ಗ್ಯಾರೇಜಿನವನು ಕಿವಿಯಲ್ಲಿ ಹೇಳೋದೂ ಅಲ್ಲೇ.

ಹಾಗಾಗಿ ಈ ವಾರವೇ ನಿಮ್ಮ ಪಾಲಿಸಿ ತೆಗೆದು ನೋಡಿ. ಝೀರೋ ಡೆಪ್ ಇದೆಯಾ? ವರ್ಷಕ್ಕೆ ಎಷ್ಟು ಕ್ಲೇಮ್‌ಗೆ ಅವಕಾಶ? ಕಂಟ್ರೋಲ್ ಯೂನಿಟ್, ಸೆನ್ಸರ್, ಬೆಲ್ಟ್ ಪ್ರಿಟೆನ್ಷನರ್ ಯಾವ ಸಾಲಿಗೆ ಬರುತ್ತೆ? ಡಿಕ್ಕಿಯಾದ ಮೇಲಾದರೆ ಸರ್ವೇಯರ್ ಬಂದಾಗ ಬೆಲ್ಟ್ ಮತ್ತು ಕಂಟ್ರೋಲ್ ಯೂನಿಟ್ ಎಸ್ಟಿಮೇಟ್‌ನಲ್ಲಿ ಸೇರಿದೆಯಾ ಅಂತ ಅವರೆದುರೇ ಕೇಳಿ. ಬಾಯಿಮಾತು ಬೇಡ, ಪಟ್ಟಿ ನೋಡಿ.

ಟೋಟಲ್ ಲಾಸ್ ಆದ ಕಾರು ಎಲ್ಲಿಗೆ ಹೋಗುತ್ತೆ?

ರಿಪೇರಿ ಖರ್ಚು ಕಾರಿನ ಐಡಿವಿಯ, ಅಂದ್ರೆ ಪಾಲಿಸಿಯಲ್ಲಿ ಬರೆದ ಮೌಲ್ಯದ 75 ಪರ್ಸೆಂಟ್ ದಾಟಿದರೆ ಅದನ್ನ ಟೋಟಲ್ ಲಾಸ್ ಅಂತ ಪರಿಗಣಿಸ್ತಾರೆ. ಐಡಿವಿ 6 ಲಕ್ಷ ಇದ್ದರೆ ಈ ಗೆರೆ ನಾಲ್ಕೂವರೆ ಲಕ್ಷ. ಹಳೇ ಕಾರಿಗೆ ಐಡಿವಿ ಕಡಿಮೆ, ಆದರೆ ಹೊಸ ಏರ್‌ಬ್ಯಾಗ್ ಬೆಲೆ ಕಡಿಮೆಯಾಗಲ್ಲ. ಅದಕ್ಕೇ ನೋಡೋಕೆ ಅಷ್ಟೇನೂ ಜಜ್ಜಿ ಹೋಗದ ಹಳೇ ಕಾರು ಕೂಡ ಏರ್‌ಬ್ಯಾಗ್ ಬಿಚ್ಚಿಕೊಂಡರೆ ಟೋಟಲ್ ಲಾಸ್ ಆಗಬಹುದು.

ಮಾಲೀಕರಿಗೆ ದುಡ್ಡು ಬರುತ್ತೆ. ಕಾರು? ಅದು ಸಾಲ್ವೇಜ್ ಅಂತ ಹರಾಜಾಗುತ್ತೆ. ಪೂರ್ತಿ ಹಾಳಾದ ವಾಹನದ ಬಗ್ಗೆ ಮಾಲೀಕರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು ಅಂತ ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಹೇಳುತ್ತೆ. ಆದರೆ ಆರ್‌ಸಿ ಹಾಗೇ ಉಳಿದು, ಕಾರಿನ ಜೊತೆಗೇ ಕೈ ಬದಲಾಯಿಸಿದರೆ ಅದೇ ಕಾರು ತಟ್ಟಿಸಿಕೊಂಡು, ಬಣ್ಣ ಹೊಡೆಸಿಕೊಂಡು ಮತ್ತೆ ರಸ್ತೆಗೆ ಬರುತ್ತೆ. ನಮ್ಮ ಆರ್‌ಸಿಯಲ್ಲಿ ಅಪಘಾತದ ಚರಿತ್ರೆ ಬರೆಯೋ ಜಾಗವೇ ಇಲ್ಲ. ಅಮೆರಿಕದ ರಾಜ್ಯಗಳಲ್ಲಿ ಇಂಥ ಕಾರಿನ ದಾಖಲೆ ಮೇಲೆ 'ಸಾಲ್ವೇಜ್' ಅಂತ ಮುದ್ರೆ ಬೀಳುತ್ತೆ. ನಮ್ಮಲ್ಲಿ ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷಕ್ಕೆ ಸಿಗುತ್ತೆ. ಅಲ್ಲಿವರೆಗೆ ಮುಚ್ಚಳದೊಳಗೆ ಬ್ಯಾಗ್ ಇದೆಯಾ ಅಂತ ಸರ್ಕಾರದ ಕಡೆಯಿಂದ ಯಾರೂ ಕೇಳೋದೇ ಇಲ್ಲ. ವರ್ಷ ವರ್ಷ ಹೊಗೆ ಪರೀಕ್ಷೆ ಮಾಡ್ತೀವಿ. ಜೀವ ಉಳಿಸೋ ಬ್ಯಾಗ್ ಪರೀಕ್ಷೆ ಯಾಕಿಲ್ಲ?

ನಕಲಿ ಆಟ

ಈಗ ಅಸಲಿ ವಿಷಯಕ್ಕೆ ಬರೋಣ. ಏರ್‌ಬ್ಯಾಗ್ ಹಾಕದೇ ಹಾಕಿದ ಹಾಗೆ ತೋರಿಸೋದು ಹೇಗೆ? ಒಂದು, ಬ್ಯಾಗ್ ಇರಬೇಕಾದ ಕನೆಕ್ಟರ್‌ಗೆ ಸಣ್ಣ ರೆಸಿಸ್ಟರ್ ಸಿಕ್ಕಿಸೋದು. ಅಂಗಡಿಯಲ್ಲಿ ಅದರ ಬೆಲೆ ಚಿಲ್ಲರೆ ಕಾಸು. ಬ್ಯಾಗ್ ಇದೆ ಅಂತ ಕಂಪ್ಯೂಟರ್ ನಂಬುತ್ತೆ, ಲೈಟ್ ಆರುತ್ತೆ. ಎರಡು, ಎಚ್ಚರಿಕೆಯ ಲೈಟನ್ನೇ ಕಿತ್ತುಹಾಕೋದು, ಇಲ್ಲವೇ ಬೇರೆ ಲೈಟಿನ ವೈರ್‌ಗೆ ಕಟ್ಟಿಬಿಡೋದು. ಮೂರು, ಖಾಲಿ ಜಾಗಕ್ಕೆ ಬಟ್ಟೆಯೋ ಫೋಮೋ ತುಂಬಿ, ಮೇಲೆ ಹೊಸ ಮುಚ್ಚಳ ಕೂರಿಸೋದು. ನಾಲ್ಕು, ನಕಲಿ ಏರ್‌ಬ್ಯಾಗ್ ಹಾಕೋದು.

ನಾಲ್ಕನೇದು ಎಲ್ಲಕ್ಕಿಂತ ಭಯಾನಕ. 2024ರಲ್ಲಿ ದೆಹಲಿ ಪೊಲೀಸರು ಹೆಸರಾಂತ ಕಾರು ಕಂಪನಿಗಳ ಹೆಸರಿನಲ್ಲಿ ನಕಲಿ ಏರ್‌ಬ್ಯಾಗ್ ಮಾಡಿ ಮಾರುತ್ತಿದ್ದ ಜಾಲವನ್ನ ಹಿಡಿದರು. ನೂರಾರು ಬ್ಯಾಗ್ ಸಿಕ್ಕವು. ಅಂದ್ರೆ ಅದನ್ನ ಕೊಳ್ಳೋ ಗ್ಯಾರೇಜುಗಳೂ ಇದ್ದವು ಅಂತಾಯ್ತಲ್ಲ? ಅದೇ ವರ್ಷ ಜುಲೈನಲ್ಲಿ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಒಂದು ಎಚ್ಚರಿಕೆ ಹೊರಡಿಸಿತು. ಒಮ್ಮೆ ಡಿಕ್ಕಿಯಾಗಿ ರಿಪೇರಿಯಾದ ಕಾರುಗಳು. ಅವುಗಳಲ್ಲಿ ಅಗ್ಗದ, ಕಳಪೆ ಇನ್‌ಫ್ಲೇಟರ್‌ಗಳು. ಒಂಬತ್ತು ತಿಂಗಳಲ್ಲಿ ಮೂವರು ಸತ್ತಿದ್ದರು, ಇಬ್ಬರಿಗೆ ಜೀವನಪೂರ್ತಿ ಕಾಡೋ ಗಾಯ. ಡಿಕ್ಕಿಯಲ್ಲಿ ಸತ್ತಿದ್ದಲ್ಲ. ಇನ್‌ಫ್ಲೇಟರ್ ಡಬ್ಬಿಯೇ ಒಡೆದು, ಲೋಹದ ಚೂರುಗಳು ಎದೆ, ಕುತ್ತಿಗೆ, ಮುಖಕ್ಕೆ ನುಗ್ಗಿ ಆದ ಅನಾಹುತ.

"ನಕಲಿ ತಾನೇ, ಅಸಲಿ ಹಳೇದು ಹಾಕಿಸ್ತೀನಿ, ಗುಜರಿಯಲ್ಲಿ ಸಿಗುತ್ತೆ" ಅನ್ನೋರಿಗೆ ಇನ್ನೊಂದು ಕಥೆ. ಜಪಾನಿನ ತಕಾಟಾ ಕಂಪನಿ ಜಗತ್ತಿನ ದೊಡ್ಡ ಏರ್‌ಬ್ಯಾಗ್ ತಯಾರಕರಲ್ಲಿ ಒಂದಾಗಿತ್ತು. ಅದರ ಇನ್‌ಫ್ಲೇಟರ್‌ನಲ್ಲಿ ಬಳಸಿದ್ದು ಅಮೋನಿಯಂ ನೈಟ್ರೇಟ್. ವರ್ಷಗಟ್ಟಲೆ ಸೆಕೆ ಮತ್ತು ತೇವ ತಿಂದು ಆ ರಾಸಾಯನಿಕ ಕೆಡ್ತಾ ಹೋಯ್ತು. ಬೇಕಾದ್ದಕ್ಕಿಂತ ಜೋರಾಗಿ ಸಿಡಿದು ಡಬ್ಬಿ ಒಡೆಯತೊಡಗಿತು. ಅಮೆರಿಕ ಒಂದರಲ್ಲೇ ಸುಮಾರು 6.7 ಕೋಟಿ ಏರ್‌ಬ್ಯಾಗ್ ವಾಪಸ್ ಕರೆಸಬೇಕಾಯಿತು. 2017ರಲ್ಲಿ ಕಂಪನಿ ದಿವಾಳಿಯಾಯಿತು. ಭಾರತದಲ್ಲೂ ಆ ಬ್ಯಾಗ್ ಇದ್ದ ಕಾರುಗಳ ರೀಕಾಲ್ ಆಗಿದೆ. ಸೆಕೆ, ತೇವ ಅಂದ್ರೆ ನಮ್ಮ ಮಂಗಳೂರು, ಉಡುಪಿ, ಕಾರವಾರ ನೆನಪಾಗಲ್ವಾ? ಬೇರೊಂದು ಕಾರಿನಿಂದ ಬಿಚ್ಚಿ ತಂದ ಬ್ಯಾಗ್ ಯಾವ ವರ್ಷದ್ದು, ಎಲ್ಲಿ ಬಿದ್ದಿತ್ತು, ರೀಕಾಲ್ ಪಟ್ಟಿಯಲ್ಲಿದೆಯಾ ಅಂತ ಗುಜರಿಯಲ್ಲಿ ಯಾರಿಗೆ ಗೊತ್ತು? ಡೋರ್ ಹ್ಯಾಂಡಲ್ ಗುಜರಿಯಲ್ಲಿ ತಗೊಳ್ಳಿ, ತಪ್ಪೇನಿಲ್ಲ. ಸಿಡಿಮದ್ದು ಇರೋ ಪಾರ್ಟ್ ಬೇಡ.

ಹಾಗಂತ ಏರ್‌ಬ್ಯಾಗ್ ಮೇಲೇ ನಂಬಿಕೆ ಕಳ್ಕೋಬೇಡಿ. 1987ರಿಂದ 2017ರವರೆಗೆ ಅಮೆರಿಕದಲ್ಲಿ ಮುಂಭಾಗದ ಏರ್‌ಬ್ಯಾಗ್‌ಗಳು ಐವತ್ತು ಸಾವಿರಕ್ಕೂ ಹೆಚ್ಚು ಜೀವ ಉಳಿಸಿವೆ ಅನ್ನೋದು ಅದೇ ಎನ್‌ಎಚ್‌ಟಿಎಸ್‌ಎ ಲೆಕ್ಕ. ಅಸಲಿ ಬ್ಯಾಗ್, ಸರಿಯಾದ ಜೋಡಣೆ ಇದ್ದರೆ ಅದು ದೇವರ ಹಾಗೆ ಕಾಯುತ್ತೆ.

ಕೊಳ್ಳೋ ಮೊದಲು ಹೀಗೆ ನೋಡಿ

ಸೆಕೆಂಡ್ ಹ್ಯಾಂಡ್ ಕಾರು ನೋಡೋಕೆ ಹೋದಾಗ ನಮ್ಮ ಜನ ಮೊದಲು ಕೇಳೋದು ಮೈಲೇಜು, ಆಮೇಲೆ ಟೈರು. ಇನ್ನು ಮೇಲೆ ಇದನ್ನೂ ಸೇರಿಸಿಕೊಳ್ಳಿ.

ಇಗ್ನಿಷನ್ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡಬೇಡಿ. ಮೀಟರ್‌ನಲ್ಲಿ ಏರ್‌ಬ್ಯಾಗ್ ಚಿತ್ರದ ಲೈಟ್ ಹತ್ತಬೇಕು, ಕೆಲವು ಸೆಕೆಂಡಿನ ನಂತರ ತಾನಾಗೇ ಆರಬೇಕು. ಹತ್ತಲೇ ಇಲ್ಲ ಅಂದ್ರೆ ಲೈಟ್ ಕಿತ್ತಿದ್ದಾರೆ. ಆರಲೇ ಇಲ್ಲ ಅಂದ್ರೆ ದೋಷ ಇದೆ. ಬೇರೆ ಲೈಟಿನ ಜೊತೆಗೇ, ಅದೇ ಕ್ಷಣಕ್ಕೆ ಆರಿದರೆ ಅನುಮಾನ ಪಡಿ. ಆದರೆ ಲೈಟ್ ಪರೀಕ್ಷೆ ಪಾಸಾಯ್ತು ಅಂತ ಅಷ್ಟಕ್ಕೇ ನಿಲ್ಲಬೇಡಿ, ರೆಸಿಸ್ಟರ್ ವಿಷಯ ಈಗಷ್ಟೇ ಹೇಳಿದ್ದೀನಿ.

ಸ್ಟೇರಿಂಗ್ ಮುಚ್ಚಳದ ಬಣ್ಣ, ಹೊಳಪು ಉಳಿದ ಭಾಗಕ್ಕೆ ಹೊಂದುತ್ತಾ ನೋಡಿ. ಪಕ್ಕದ ಸೀಟಿನ ಮುಂದಿನ ಡ್ಯಾಶ್‌ಬೋರ್ಡ್ ಮೇಲೆ ಕೈ ಆಡಿಸಿ, ಅಂಟಿಸಿದ ಗುರುತು, ಉಬ್ಬು ಇದೆಯಾ ನೋಡಿ. ಸೀಟ್ ಬೆಲ್ಟ್ ಪೂರ್ತಿ ಎಳೆದು ಬಿಡಿ, ಸರಾಗವಾಗಿ ಬಂದು ಸರಾಗವಾಗಿ ಒಳಗೆ ಹೋಗಬೇಕು. ಬೆಲ್ಟ್ ಬುಡದ ಲೇಬಲ್‌ನಲ್ಲಿ ತಯಾರಿಕೆಯ ದಿನಾಂಕ ಇದ್ದರೆ ಕಾರಿನ ವರ್ಷಕ್ಕೆ ಹೋಲಿಸಿ. ಮುಂದಿನ ಗಾಜಿನ ಮೇಲಿನ ಗುರುತು ಉಳಿದ ಗಾಜುಗಳಿಗಿಂತ ಬೇರೆ ಇದ್ದರೆ ಯಾಕೆ ಬದಲಾಯ್ತು ಅಂತ ಕೇಳಿ. ಕಲ್ಲು ಬಿದ್ದು ಒಡೆದಿರಬಹುದು, ಬ್ಯಾಗ್ ಬಿಚ್ಚಿ ಒಡೆದಿರಬಹುದು. ಬಿಲ್ ಕೇಳಿ.

ಆಮೇಲೆ ಆ ಕಂಪನಿಯ ಸರ್ವಿಸ್ ಸೆಂಟರ್‌ಗೆ ತಗೊಂಡು ಹೋಗಿ ಸ್ಕ್ಯಾನ್ ಮಾಡಿಸಿ, ಸರ್ವಿಸ್ ಮತ್ತು ಕ್ಲೇಮ್ ಚರಿತ್ರೆ ಕೇಳಿ. ಅನುಮಾನ ಬಂದರೆ ಮುಚ್ಚಳ ತೆಗೆಸಿ ಅಲ್ಲಿನ ಟೆಕ್ನಿಷಿಯನ್ ಕೈಯಲ್ಲೇ ನೋಡಿಸಿ. ಮಾರುವವನು "ಅದೆಲ್ಲ ಯಾಕೆ ಸಾರ್, ನನ್ನ ಮೇಲೆ ನಂಬಿಕೆ ಇಲ್ವಾ" ಅಂದರೆ? ನಂಬಿಕೆ ಇದೆ, ಆದರೂ ನೋಡಿಸ್ತೀನಿ ಅನ್ನಿ. ಒಪ್ಪದಿದ್ದರೆ ಆ ಕಾರು ಬೇಡ.

ಕೊನೆಯ ಮಾತು

ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ. 2021ರಲ್ಲಿ ಪಕ್ಕದ ಸೀಟಿಗೂ ಕಡ್ಡಾಯ ಆಯ್ತು. ಆರು ಏರ್‌ಬ್ಯಾಗ್ ಕಡ್ಡಾಯ ಮಾಡ್ತೀವಿ ಅಂದರು, ಮುಂದೂಡಿದರು, ಕೊನೆಗೆ 2023ರಲ್ಲಿ ಕಡ್ಡಾಯ ಮಾಡಲ್ಲ ಅಂದರು. ಅದೇ ವರ್ಷ ಅಕ್ಟೋಬರ್‌ನಿಂದ ಭಾರತ್ ಎನ್‌ಕ್ಯಾಪ್ ಸ್ಟಾರ್ ರೇಟಿಂಗ್ ಬಂತು. ಎಲ್ಲ ಒಳ್ಳೇದೇ. ಆದರೆ ಇದೆಲ್ಲ ಕಾರು ಕಾರ್ಖಾನೆಯಿಂದ ಹೊರಗೆ ಬರೋ ದಿನದ ಮಾತು. ಅದೇ ಕಾರು ಐದು ವರ್ಷ ಆದ ಮೇಲೆ, ಒಂದು ಡಿಕ್ಕಿಯಾದ ಮೇಲೆ ಹೇಗಿದೆ ಅನ್ನೋ ಪ್ರಶ್ನೆಗೆ ಉತ್ತರ ಇಲ್ಲ. ಐದು ಸ್ಟಾರ್ ಕಾರು ಒಂದು ಕೆಟ್ಟ ರಿಪೇರಿಯಾದ ಮೇಲೆ ಎಷ್ಟು ಸ್ಟಾರ್?

2023ರ ಏಪ್ರಿಲ್ 1ರಿಂದ ಸೆಕೆಂಡ್ ಹ್ಯಾಂಡ್ ವಾಹನಗಳ ಡೀಲರ್‌ಗಳು ಆರ್‌ಟಿಒದಿಂದ ಅಧಿಕೃತ ಪತ್ರ ಪಡೀಬೇಕು ಅಂತ ಕೇಂದ್ರ ನಿಯಮ ತಂದಿದೆ. ಅದಕ್ಕೆ ಇನ್ನೆರಡು ಸಾಲು ಸೇರಿಸಲಿ. ಏರ್‌ಬ್ಯಾಗ್ ಬಿಚ್ಚಿಕೊಂಡ ಕಾರಿನ ಮಾಹಿತಿ ಇನ್ಷೂರೆನ್ಸ್ ಕಂಪನಿಯಿಂದ ವಾಹನ್ ಪೋರ್ಟಲ್‌ಗೆ ಹೋಗಲಿ. ಮಾರುವ ಮೊದಲು ಸ್ಕ್ಯಾನ್ ರಿಪೋರ್ಟ್ ಕಡ್ಡಾಯವಾಗಲಿ. ಮಾಹಿತಿ ಇನ್ಷೂರೆನ್ಸ್ ಕಂಪನಿಗಳ ಹತ್ತಿರ ಈಗಲೇ ಇದೆ, ಕೊಳ್ಳುವವನ ಹತ್ತಿರ ಇಲ್ಲ, ಅಷ್ಟೇ. ಜೊತೆಗೆ ಆ 50 ಪರ್ಸೆಂಟ್ ಸವಕಳಿ. ಡಿಕ್ಕಿಯಾದವನನ್ನ ಅಗ್ಗದ ದಾರಿಗೆ ತಳ್ಳೋದೇ ಅದು. ಟೈರಿನ ಹಾಗೆ ಏರ್‌ಬ್ಯಾಗ್ ರಸ್ತೆ ಮೇಲೆ ಸವೆಯುತ್ತಾ? ಸವೆಯದ ವಸ್ತುವಿಗೆ ಸವಕಳಿ ಯಾಕೆ ಅಂತ ಐಆರ್‌ಡಿಎಐ ಯೋಚನೆ ಮಾಡಲಿ.

2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತ್ತು. ಡಿಕ್ಕಿಯಲ್ಲಿ ಏರ್‌ಬ್ಯಾಗ್ ಬಿಚ್ಚಿಕೊಳ್ಳಲಿಲ್ಲ ಅಂತ ಹ್ಯುಂಡೈ ಕ್ರೆಟಾ ಮಾಲೀಕರೊಬ್ಬರು ಹೂಡಿದ್ದ ಕೇಸು. ಗುದ್ದಿದ ರಭಸ ಅಷ್ಟಿರಲಿಲ್ಲ ಅಂತ ಕಂಪನಿ ವಾದ ಮಾಡಿತು. ವೇಗ, ಬಲದ ಲೆಕ್ಕ ಹಾಕೋಕೆ ಗ್ರಾಹಕ ಭೌತಶಾಸ್ತ್ರದ ಪಂಡಿತನಾಗಿರಬೇಕಿಲ್ಲ ಅಂತ ಕೋರ್ಟ್ ಹೇಳಿತು, ಪರಿಹಾರವನ್ನ ಎತ್ತಿ ಹಿಡಿಯಿತು. ಕಂಪನಿಗೆ ಅನ್ವಯವಾಗೋ ಈ ಮಾತು ಗ್ಯಾರೇಜಿಗೂ ಯಾಕೆ ಅನ್ವಯ ಆಗಬಾರದು? ಏರ್‌ಬ್ಯಾಗ್ ಹಾಕಿದ್ದೀನಿ ಅಂತ ದುಡ್ಡು ತಗೊಂಡು ಫೋಮ್ ತುಂಬಿ ಕೊಟ್ಟರೆ ಅದು ಬರೀ ಕಳಪೆ ರಿಪೇರಿ ಅಲ್ಲ, ಮೋಸ. ಗ್ರಾಹಕರ ಆಯೋಗ ಇದೆ, ಪೊಲೀಸ್ ಠಾಣೆ ಇದೆ. ನಿಮ್ಮ ಕೈಯಲ್ಲಿ ಬಿಲ್ ಇರಬೇಕು ಅಷ್ಟೇ.

ಇವತ್ತು ಸಂಜೆ ಕಾರು ತೆಗೆಯೋ ಮೊದಲು ಆ ಲೈಟ್ ಒಂದು ಸಲ ನೋಡಿ. ರಿಪೇರಿಯಾದ ಕಾರಾದರೆ ನಾಳೆಯೇ ಸ್ಕ್ಯಾನ್ ಮಾಡಿಸಿ. ಪಕ್ಕದ ಸೀಟಿನಲ್ಲಿ ಕೂರೋದು ನಿಮ್ಮ ಮನೆಯವರೇ ಅಲ್ವಾ?